ತಂಗಿಯ ಕಿವಿಯಲ್ಲಿ ಹೇಳಿದ ಹೆಸರು

ಮೈಸೂರಿನ ಸುದ್ದಿ ಕಾಗದದಲ್ಲಿ ಬಂದು ನಮ್ಮನ್ನು ಮುಟ್ಟುವ ಹೊತ್ತಿಗೆ ಹತ್ತು ದಿನ ಹಳೆಯದಾಗಿರುತ್ತಿದ್ದ ಕಾಲ ಅದು. ಅಪ್ಪ ಜಪಾನಿನ ಕಾವಾಸಾಕಿ ಊರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಕಂಪನಿ ಬಾಡಿಗೆಗೆ ಹಿಡಿದುಕೊಟ್ಟ ಮನೆಯ ಮೂರನೇ ಮಹಡಿಯಲ್ಲಿ ನಾವು ನಾಲ್ಕು ಜನ: ಅಪ್ಪ, ಅಮ್ಮ, ಒಂಬತ್ತು ವರ್ಷದ ನಾನು, ಮತ್ತು ಇನ್ನೂ ಹೆಸರಿಲ್ಲದ, ಎಲ್ಲರೂ ಪುಟ್ಟಿ ಎಂದು ಕರೆಯುತ್ತಿದ್ದ ಮೂರು ತಿಂಗಳ ತಂಗಿ.

ಆ ಶನಿವಾರವೂ ಎಲ್ಲ ದಿನಗಳಂತೆಯೇ ಶುರುವಾಯಿತು. ಆರೂವರೆಗೆ ಕೆಳಗಿನ ಅಂಗಳದಲ್ಲಿ ರೇಡಿಯೋ ವ್ಯಾಯಾಮದ ಪಿಯಾನೋ ಕೇಳಿಸಿತು. ಅಜ್ಜ ಅಜ್ಜಿಯರು ಸಾಲಾಗಿ ನಿಂತು ಕೈ ಬೀಸುವುದನ್ನು ನಾನು ಕಿಟಕಿಯಿಂದ ನೋಡಿದೆ. ಅಮ್ಮ ಮೈಸೂರಿನಿಂದ ಬಂದ ಕಾಫಿಪುಡಿಯ ಡಬ್ಬಿಯನ್ನು ತೆರೆದು, ಎಂದಿನಂತೆ ಒಮ್ಮೆ ಮೂಸಿ, ಒಂದೂವರೆ ಚಮಚ ಮಾತ್ರ ಹಾಕಿದಳು. ಅಪ್ಪ ಗಡ್ಡ ಹೆರೆದುಕೊಂಡ. ಪುಟ್ಟಿಯ ಎಣ್ಣೆಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕಲು ಅವಳನ್ನು ಬಾಲ್ಕನಿಗೆ ಒಯ್ದರು. ಒಮ್ಮೆ ಒಳಗೆ ಹಾಕಿದಾಗ ಹೊಗೆಯ ಎಚ್ಚರಿಕೆ ಗಂಟೆ ಬಡಿದುಕೊಂಡು, ಇಡೀ ಕಟ್ಟಡದವರು ಮೆಟ್ಟಿಲಿಳಿದು ಓಡಿದ್ದರು.

ಆವತ್ತು ಪುಟ್ಟಿಯ ನಾಮಕರಣ. ನಮ್ಮ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಮಂಡ್ಯದಿಂದ ಅತ್ತೆ ಬರುತ್ತಾಳೆಂದು ಮೂರು ತಿಂಗಳು ಕಾದಾಗಿತ್ತು. ಅವಳಿಗೆ ವೀಸಾ ಸಿಗಲಿಲ್ಲ.

"ಇವತ್ತಿಗೆ ನೀನೇ ಅತ್ತೆ ಕಣೇ ಪ್ರಭಾ. ಗಂಭೀರವಾಗಿರು, ಅತ್ತೆ ಥರ ಎಲ್ಲದಕ್ಕೂ ತಪ್ಪು ಹುಡುಕ್ಬೇಡ," ಎಂದ ಅಪ್ಪ.

"ನಿಮ್ಮ ತಂಗೀನ ನೀವೇ ಹಾಗಂದ್ರೆ ನಾನೇನು ಹೇಳ್ಲಿ," ಎಂದಳು ಅಮ್ಮ.

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಅದೇ ಶನಿವಾರ ಮಧ್ಯಾಹ್ನದ ವಿಮಾನದಲ್ಲಿ ಸಿಸ್ಟರ್ ಎಥ್ನಾ ಜಪಾನ್ ಬಿಟ್ಟು ಹೋಗುತ್ತಿದ್ದರು.

ನಾನು ಓದುತ್ತಿದ್ದುದು ಯೊಕೊಹಾಮಾದ ಗುಡ್ಡದ ಮೇಲಿನ ಒಂದು ಕಾನ್ವೆಂಟಿನಲ್ಲಿ. ಸಿಸ್ಟರ್ ಎಥ್ನಾ ಐರ್ಲೆಂಡಿನವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಪಾಠ ಹೇಳಿದ್ದವರು. ಅವರ ಸ್ವೆಟರಿನಿಂದ ಕರ್ಪೂರದ ಗುಳಿಗೆ ಮತ್ತು ಶುಂಠಿ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಮಳೆಗಾಲದಲ್ಲಿ, ಆಟದ ಬಯಲು ಕೆಸರಾದಾಗ, ಅವರು ನಮ್ಮನ್ನು ಒಳಗೆ ಕೂರಿಸಿ ಹೆಸರಿನ ಆಟ ಆಡಿಸುತ್ತಿದ್ದರು. ಅವರು ಅರ್ಥ ಕೂಗಬೇಕು, ಆ ಅರ್ಥದ ಹೆಸರಿನವರು ಎದ್ದು ನಿಲ್ಲಬೇಕು. "ಬೆಳಕು" ಎಂದರೆ ನಾನೂ ನನ್ನ ಪಕ್ಕದ ಹಿಕಾರಿಯೂ ಒಟ್ಟಿಗೆ ಏಳುತ್ತಿದ್ದೆವು. ಆಗ ಸಿಸ್ಟರ್, "ನಮ್ಮೂರಲ್ಲಿ ನಿಮ್ಮಿಬ್ಬರಿಗೂ ಸೊರಖಾ ಅಂತ ಹೆಸರು. ಬೇರೆ ಬೇರೆ ಮನೆಯಲ್ಲಿ ಹುಟ್ಟಿದ ಅಕ್ಕ ತಂಗಿಯರು ನೀವು," ಎನ್ನುತ್ತಿದ್ದರು.

ಹೀಗೆ ಆ ಒಂದು ಜೂನ್ ತಿಂಗಳಲ್ಲಿ ಕಂಡಿರದ ಒಂದು ದೇಶದ ಹೆಸರುಗಳೆಲ್ಲ ನಮಗೆ ಬಾಯಿಪಾಠವಾದವು. ರೋಷೀನ್ ಎಂದರೆ ಪುಟ್ಟ ಗುಲಾಬಿ. ಆಶ್ಲಿಂಗ್ ಎಂದರೆ ಕನಸು. ಓರ್ಲಾ ಚಿನ್ನದ ರಾಜಕುಮಾರಿ. ಫಿನೋಲಾ ಎಂದರೆ ಬಿಳಿಯ ಭುಜದವಳು ಎಂದು ಕೇಳಿದ ದಿನ ನಾವು ಕಾಲರು ಸರಿಸಿ ಒಬ್ಬರ ಭುಜ ಒಬ್ಬರು ಪರೀಕ್ಷಿಸಿದೆವು. ಕಿಯಾರಾ ಎಂದರೆ ಕಪ್ಪು ಕೂದಲಿನವಳು. "ಇದೊಂದು ಹೆಸರು ಇಟ್ಟಿದ್ದರೆ ಇಡೀ ಕ್ಲಾಸಿಗೆ ಸಾಕಾಗುತ್ತಿತ್ತು, ನನಗೆ ಹಾಜರಿ ಕರೆಯುವ ಕೆಲಸ ತಪ್ಪುತ್ತಿತ್ತು," ಎಂದು ಸಿಸ್ಟರ್ ನಮ್ಮ ತಲೆಗಳನ್ನು ನೋಡಿ ನಿಟ್ಟುಸಿರಿಟ್ಟರು.

"ನಿಮ್ಮ ಹೆಸರಿಗೆ ಏನು ಅರ್ಥ ಸಿಸ್ಟರ್?" ಎಂದು ಕೇಳಿದವಳು ನಾನು.

"ಕಾಯಿ ಒಡೆದರೆ ಒಳಗೆ ಇರುತ್ತಲ್ಲ, ಅದು," ಎಂದರು. ಮನೆಗೆ ಬಂದು ಅಮ್ಮನನ್ನು ಕೇಳಿದಾಗ ಅವಳು ತೆಂಗಿನಕಾಯಿಯನ್ನು ನೆನೆಸಿಕೊಂಡವಳಂತೆ, "ತಿರುಳು," ಎಂದಳು.

ಆ ಹೆಸರು ಅವರ ತಾಯಿಯ ತಾಯಿಯದು. ಅವರ ಊರಿನಲ್ಲಿ ಮೊದಲ ಹೆಣ್ಣುಮಗುವಿಗೆ ಅಜ್ಜಿಯ ಹೆಸರಿಡುವುದು ಪದ್ಧತಿ. ಸನ್ಯಾಸಿನಿಯಾದಾಗ ಅದನ್ನು ತೆಗೆದು ಯಾವುದೋ ಸಂತನ, ಅದೂ ಗಂಡಸಿನ, ಹೆಸರು ಕೊಟ್ಟರಂತೆ. ಎಷ್ಟೋ ವರ್ಷ ಆ ಹೆಸರಿಗೆ ಓಗೊಟ್ಟರಂತೆ. ನಿಯಮ ಬದಲಾಗಿ, ಬೇಕಾದವರು ಹುಟ್ಟು ಹೆಸರಿಗೆ ಮರಳಬಹುದು ಎಂದಾಗ ಮೊದಲು ಕೈ ಎತ್ತಿದವರು ಇವರು.

"ಪಡೆದೆ, ಕಳೆದೆ, ಮತ್ತೆ ಪಡೆದೆ," ಎಂದರು ಸಿಸ್ಟರ್, ಕಿಟಕಿಯಾಚೆಯ ಮಳೆ ನೋಡುತ್ತ. "ಆದರೆ ನನಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಹೆಸರು ನನ್ನಲ್ಲಿಗೆ ನಿಲ್ಲುತ್ತೆ."

ಅದನ್ನು ದುಃಖದಿಂದ ಹೇಳಲಿಲ್ಲ. ಹೇಳಿ, ಬಿಸ್ಕತ್ತಿನ ಡಬ್ಬಿ ತೆಗೆದರು. ನಾನು ನನ್ನ ಬಿಸ್ಕತ್ತನ್ನು ತಿನ್ನದೆ ಜೇಬಿಗೆ ಹಾಕಿಕೊಂಡೆ. ಅವರು ಊರಿಗೆ ಮರಳುತ್ತಾರೆಂಬ ಸುದ್ದಿ ಬಂದದ್ದು ಅದೇ ವಾರ. ಶುಕ್ರವಾರದ ಬೀಳ್ಕೊಡುಗೆಯಲ್ಲಿ ಎಲ್ಲರೂ ಅವರಿಗೆ ಮಡಿಸಿದ ಕಾಗದದ ಕೊಕ್ಕರೆಗಳನ್ನು ಕೊಟ್ಟರು. ನಾನು ಏನೂ ಕೊಡಲಿಲ್ಲ. ಏನು ಕೊಡಬೇಕೆಂದು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿಬಿಟ್ಟಿದ್ದೆ.

ತೊಟ್ಟಿಲು ಇರಲಿಲ್ಲ. ಬಾಡಿಗೆ ಮನೆಯ ಸೂರಿಗೆ ಕೊಕ್ಕೆ ಹೊಡೆಯುವಂತಿರಲಿಲ್ಲ. ಬಟ್ಟೆ ಒಗೆಯಲು ಹಾಕುವ ಬೆತ್ತದ ಬುಟ್ಟಿಯನ್ನು ತೊಳೆದು, ಅಮ್ಮನ ಹಸಿರು ರೇಷ್ಮೆ ಸೀರೆ ಹಾಸಿ, ಅಪ್ಪ ಅಮ್ಮ ಎರಡು ಕಡೆ ಹಿಡಿದು ತೂಗಿದರು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಪ್ಪ ಉಂಗುರದಿಂದ 'ಮೀನಾ' ಎಂದು ಬರೆದ. ಅಜ್ಜಿ ನಕ್ಷತ್ರ ನೋಡಿ ಫೋನಿನಲ್ಲಿ ಹೇಳಿದ ಅಕ್ಷರ 'ಮ'. ಜಪಾನಿನವರ ಬಾಯಿಗೂ ಸುಲಭ ಎಂದು ಅಪ್ಪ ಆರಿಸಿದ ಹೆಸರು ಅದು. ಒಲೆಯ ಮೇಲೆ ಒಬ್ಬಟ್ಟಿನ ತುಪ್ಪ ಚುರುಗುಟ್ಟುತ್ತಿತ್ತು. ಕಡಲೆಬೇಳೆ ಸಿಕ್ಕದೆ ಅಮ್ಮ ಅಂಗಡಿಯ ಕೆಂಪು ಕಾಳಿನ ಸಿಹಿ ಹೂರಣವನ್ನೇ ತುಂಬಿದ್ದಳು.

ನಾನು ಬುಟ್ಟಿಯ ಮೇಲೆ ಬಾಗಿದೆ. ತಂಗಿಯ ಕಿವಿಯಲ್ಲಿ ಎಣ್ಣೆ ಮಿನುಗುತ್ತಿತ್ತು. ಅತ್ತೆಯರು ಮಾಡುವಂತೆ ಅಂಗೈ ಅಡ್ಡ ಹಿಡಿದೆ.

"ಎಥ್ನಾ," ಎಂದೆ. ಮೂರು ಸಲ.

ಎದ್ದು ನಿಂತು, ಗಟ್ಟಿಯಾಗಿ, "ಮೀನಾ," ಎಂದೆ. ಅಪ್ಪ ಅಮ್ಮ ಅಕ್ಷತೆ ಹಾಕಿದರು. ಜೇನುತುಪ್ಪ ನೆಕ್ಕಿಸಿದರು. ನನಗೆ ಹಿಡಿಸಲಾರದ ಸಂತೋಷ. ಸಿಸ್ಟರ ಹೆಸರು ಇನ್ನು ನಿಲ್ಲುವುದಿಲ್ಲ, ನಮ್ಮ ಮನೆಯಲ್ಲಿ ಮುಂದುವರಿಯುತ್ತದೆ.

ಮಧ್ಯಾಹ್ನ ಮೈಸೂರಿಗೆ ಫೋನು ಸಿಕ್ಕಿತು. ಅಜ್ಜಿ ನನ್ನನ್ನೇ ಕರೆಸಿದಳು.

"ಕಿವೀಲಿ ಸರಿಯಾಗಿ ಹೇಳ್ದೇನೇ?"

"ಹೇಳ್ದೆ ಅಜ್ಜಿ."

"ಮೂರು ಸಲ?"

"ಮೂರು ಸಲ."

"ಜಾಣೆ. ಕಿವಿಗೆ ಮೊದಲು ಬಿದ್ದದ್ದೇ ಹೆಸರು ಮಗಾ. ಆಮೇಲೆ ಕರೆಯೋದೆಲ್ಲ ಬರೀ ಕರೆಯೋದು."

ಫೋನು ಇಟ್ಟ ಮೇಲೆ ಸಂತೋಷ ಎಲ್ಲಿ ಹೋಯಿತೋ. ತಂಗಿಯ ಹೆಸರನ್ನು ನಾನು ಕದ್ದುಬಿಟ್ಟೆನೇ? ಅಮ್ಮ ಮೀನಾ, ಮೀನಾ ಎಂದು ಜೀವಮಾನವಿಡೀ ಕರೆದರೂ ಇವಳು ತಿರುಗದೇ ಹೋದರೆ? ಒಬ್ಬಟ್ಟು ತಟ್ಟೆಯಲ್ಲೇ ಆರಿತು. "ಅತ್ತೆಗೆ ಈಗಾಗಲೇ ಮುನಿಸು," ಎಂದು ಅಪ್ಪ ರೇಗಿಸಿದ.

ತಂಗಿಯೇನೋ ಮುಂದೆ ತಿರುಗಿದಳು. ಐದನೇ ತಿಂಗಳಿಗೆ ಮೀನಾ ಎಂದರೆ ಕೇಕೆ ಹಾಕುತ್ತಿದ್ದಳು. ಅಮ್ಮ ಮೆಟ್ಟಿಲಿಳಿದು ತರಕಾರಿಗೆ ಹೋದಾಗ ನಾನು ಕಿವಿಯ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದೆ, ಅದಕ್ಕೂ ತಿರುಗುತ್ತಿದ್ದಳು. ನಾವು ಮೈಸೂರಿಗೆ ಮರಳಿದ ವರ್ಷ, ಅವಳಿಗೆ ಐದಾಗಿತ್ತು, "ಹಂಗೆ ಕರೀಬೇಡ ಅಕ್ಕ, ನಾನು ಮೀನಾ," ಎಂದಳು. ಅಲ್ಲಿಗೆ ನಿಲ್ಲಿಸಿದೆ. ಸಿಸ್ಟರಿಗೆ ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ. ತಪ್ಪೊಪ್ಪಿಗೆಯೋ ಉಡುಗೊರೆಯೋ ತಿಳಿಯದೆ ಮೊದಲ ಸಾಲಿನಲ್ಲೇ ನಿಲ್ಲುತ್ತಿದ್ದೆ. ಆಮೇಲೆ ಅವರು ತೀರಿಕೊಂಡ ಸುದ್ದಿ ಹಿಕಾರಿಯಿಂದ ಬಂತು. ನಾವು ಮೈಸೂರಿಗೆ ಬಂದ ಮೇಲೂ, ಬರೆದಿದ್ದರೆ ಓದಲು ಅವರಿಗೆ ಎರಡು ವರ್ಷ ಕಾಲವಿತ್ತು.

ಮದುವೆಯಾಗಿ ಮತ್ತೆ ಜಪಾನಿಗೇ ಬಂದು, ಈಗ ಗ್ಯೋಟೋಕು ಎಂಬಲ್ಲಿ ಮನೆ ಮಾಡಿದ್ದೇನೆ. ಒಂದು ದಿನ ಯೊಕೊಹಾಮಾಕ್ಕೆ ಹೋಗಿ ಆ ಗುಡ್ಡ ಹತ್ತಿ ನೋಡಿದೆ. ಕಾನ್ವೆಂಟು ಇದ್ದ ಕಡೆ ಫ್ಲ್ಯಾಟುಗಳು ಎದ್ದಿವೆ, ಬಾಲ್ಕನಿಗಳಲ್ಲಿ ಹಾಸಿಗೆಗಳು ಒಣಗುತ್ತಿದ್ದವು. ಇಲ್ಲಿನ ಪಾರ್ಕಿನಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು ತನ್ನ ಮಗಳನ್ನು "ಕಿಯಾರಾ, ಕಮ್ ಹಿಯರ್," ಎಂದು ಕರೆಯುತ್ತಾಳೆ. ಆ ಮಗುವಿನ ಕೂದಲು ಕಡುಗಪ್ಪು. ಅರ್ಥ ಹೇಳೋಣವೆಂದು ಹೋದೆ. "ಆಂಟಿ, ಸೌಂಡ್ ಚೆನ್ನಾಗಿತ್ತು ಅಂತ ಇಟ್ವಿ ಅಷ್ಟೇ," ಎಂದಳು. ಅರ್ಥ ಹೇಳದೆ ಮನೆಗೆ ಬಂದೆ. ಹಾಸನದಲ್ಲಿ ಟೀಚರ್ ಆಗಿರುವ ಮೀನಾಗೆ ಕಳೆದ ತಿಂಗಳು ಫೋನಿನಲ್ಲಿ ಎಲ್ಲ ಹೇಳಿಬಿಟ್ಟೆ. ಅವಳು ನಕ್ಕಳು. "ನಂಗೇನೂ ನೆನಪಿಲ್ಲ ಕಣೇ ಅಕ್ಕ. ಯಾವ ಹೆಸರು, ಇನ್ನೊಂದ್ಸಲ ಹೇಳು," ಎಂದಳು. ಹೇಳಿದೆ. ಮೂವತ್ತು ವರ್ಷದ ಮೇಲೆ ಆ ಹೆಸರು ನನ್ನ ಬಾಯಿಂದ ಹೊರಬಿದ್ದಾಗ ಅದು ಯಾರನ್ನೂ ಕರೆಯುತ್ತಿರಲಿಲ್ಲ.

ಆದರೆ ಆ ಶನಿವಾರ ಅದರ ಬಿಸಿ ಇನ್ನೂ ಆರಿರಲಿಲ್ಲ. ಸಂಜೆ ಐದರ ಹೊತ್ತಿಗೆ ಪಕ್ಕದ ಮನೆಯ ಮೋರಿತಾ-ಸಾನ್, ಒಂಟಿಯಾಗಿದ್ದ ಹಿರಿಯ ಹೆಂಗಸು, ಶುಭಕಾರ್ಯಕ್ಕೆಂದು ಕೆಂಪು ಅನ್ನ ಮಾಡಿ ತಂದಳು. ಅಮ್ಮನಿಗೆ ಧನ್ಯವಾದ ಹೇಳುವ 'ಅರಿಗಾತೋ'ದಾಚೆಗೆ ಜಪಾನಿ ಬರುತ್ತಿರಲಿಲ್ಲ. ನಡುವೆ ನಿಂತು ಎರಡೂ ಕಡೆ ಹೇಳುವವಳು ನಾನೇ. ಮಗುವಿನ ಹೆಸರೇನು ಎಂದು ಮೋರಿತಾ-ಸಾನ್ ಕೇಳಿದಳು, ಮೀನಾ ಎಂದೆ. ಅವಳು ಬುಟ್ಟಿಯ ಮುಂದೆ ಮೊಣಕಾಲೂರಿ, ಮುದ್ದಿಗೆ ಚಾನ್ ಸೇರಿಸಿ, "ಮೀನಾ-ಚಾನ್," ಎಂದಳು. ತಂಗಿ ಕಿಟಕಿಯ ಕಡೆಯೇ ನೋಡುತ್ತಿದ್ದಳು. "ಮೀನಾ-ಚಾನ್," ಮತ್ತೆ ಕರೆದಳು, ಬೆರಳಿನಿಂದ ಚಿಟಿಕೆ ಹಾಕಿದಳು. ತಂಗಿ ಕದಲಲಿಲ್ಲ.

ಮೋರಿತಾ-ಸಾನ್ ಸೆರಗಿನಂಥ ತನ್ನ ಏಪ್ರನ್ ಕೊಡವಿಕೊಂಡು ಎದ್ದಳು. ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತ, ಒಲೆಯ ಮೇಲೆ ಏನೋ ಇಟ್ಟು ಬಂದವಳ ಅವಸರದಲ್ಲಿ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಪಾಪ, ಬೇರೆ ಯಾರನ್ನೋ ಕರೀತಿದಾರೆ ಅನ್ಕೊಂಡಿದೆ ಮಗು."