ಕಂಪ್ಯೂಟರಿನಲ್ಲಿ ನಾಳೆ ಇಲ್ಲ

ಗೆಳೆಯರೇ, ನನ್ನ ಪಿಎಚ್‌ಡಿ ಪ್ರಬಂಧಕ್ಕೆ ನಾಳೆ ಗಂಡಾಂತರವಿದೆ. ಭವಿಷ್ಯ ನುಡಿದದ್ದು ಒಂದು ಫ್ಲಾಪಿ.

ಇವತ್ತು ಪಕ್ಕದ ಮನೆಯ ಪರೇಶಭಾಯಿ ವೈರಸ್ ಹುಡುಕುವ ಪುಕ್ಕಟೆ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತಂದು ನಮ್ಮ ಕಂಪ್ಯೂಟರಿಗೆ ಹಾಕಿದರು. ಒಂದು ವೈರಸ್ ಸಿಕ್ಕಿತು. ನಾಳಿನ ತಾರೀಖು ಬಂದ ಕೂಡಲೇ ಅದು ಡಿಸ್ಕನ್ನು ಪೂರ್ತಿ ಅಳಿಸುತ್ತದಂತೆ. ಈ ಪ್ರೋಗ್ರಾಮ್ ಬರೀ ತೋರಿಸುತ್ತದೆ, ತೆಗೆಯುವುದಿಲ್ಲ. ತೆಗೆಯುವ ಪ್ರೋಗ್ರಾಮ್ ಕೊಳ್ಳಲು ಇಲ್ಲೇ ಅಲ್ಕಾಪುರಿ ಬಡಾವಣೆಯ ಅಂಗಡಿಗೆ ಫೋನ್ ಮಾಡಿದರೆ, ಅಹಮದಾಬಾದಿನಿಂದ ತರಿಸಲು ವಾರ ಬೇಕೆಂದರು.

"ರೋಗ ಹೇಳಿ ಔಷಧಿ ಕೊಡದಿದ್ದರೆ ಏನು ಬಂತು?" ಎಂದೆ.

"ಮಫತ್ ಮೇ ಔರ್ ಕ್ಯಾ ಚಾಹಿಯೇ, ಭಾಭೀ?" ಎಂದರು ಪರೇಶಭಾಯಿ. ಪುಕ್ಕಟೆ ಸಿಕ್ಕಾಗ ಇನ್ನೇನು ಬೇಕು, ವೈರಸ್ಸಿನ ಹೆಸರು ತಿಳಿದದ್ದೇ ಲಾಭ ಎಂಬುದು ಅವರ ವಾದ. ಪ್ರಬಂಧವನ್ನು ಫ್ಲಾಪಿಗೆ ಇಳಿಸೋಣವೆಂದರೆ ವೈರಸ್ಸೂ ಜೊತೆಗೆ ಹೋದೀತೆಂಬ ಭಯ; ನಾಳೆ ಕಂಪ್ಯೂಟರ್ ಹಚ್ಚದೇ ಇರೋಣವೆಂದರೆ ಬರೆಯುವುದು ಇನ್ನೂ ಬಾಕಿ.

ಕೊನೆಗೆ ಅವರೇ ಉಪಾಯ ಹೇಳಿದರು. ಕಂಪ್ಯೂಟರಿನ ತಾರೀಖನ್ನು ಈಗಲೇ ನಾಡಿದ್ದಿಗೆ ಬದಲಾಯಿಸುವುದು. ನಾಳೆಯೇ ಬಾರದಿದ್ದರೆ ವೈರಸ್ ಏಳುವುದಿಲ್ಲ. ಇಡೀ ದಿನವನ್ನೇ ನುಂಗಿಹಾಕಲು ನಾನು ಹಿಂದೆಮುಂದೆ ನೋಡುತ್ತಿದ್ದಾಗ, ಧಾರವಾಡದಿಂದ ಬಂದಿರುವ ಮಾವನವರು ಪಂಚಾಂಗದಿಂದ ತಲೆಯೆತ್ತಿದರು.

"ಒಮ್ಮೊಮ್ಮೆ ಪಂಚಾಂಗದಾಗ ತಿಥಿ ಕ್ಷಯ ಆಗಿ ದ್ವಾದಶಿನೇ ಇರಂಗಿಲ್ಲ. ಯಾರರ ಅಳ್ತಾರೇನವಾ? ಬದಲಿ ಮಾಡು."

ಮಾಡಿದೆ. ವೈರಸ್ ಮಾತ್ರ ಒಳಗೇ ಕೂತಿದೆ.

ಈ ಇ-ಮೇಲ್ ಮೇಲೆ ನಾಡಿದ್ದಿನ ತಾರೀಖಿದೆ. ಅದನ್ನು ನೋಡಿ ನಾನು ನಾಳೆಯನ್ನು ದಾಟಿಬಿಟ್ಟೆ ಅಂದುಕೊಳ್ಳಬೇಡಿ.