ಬರೆದದ್ದನ್ನೆಲ್ಲ ಪಾಲಿಸುವ ನನ್ನ ತಮ್ಮ

ನನ್ನ ತಮ್ಮ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಬೋರ್ಡಿನ ಮೇಲೆ ಬರೆದದ್ದು ಅವನಿಗೆ ವೇದವಾಕ್ಯ. ‘ಎಂಟು ಜನ ಮಾತ್ರ’ ಎಂದಿದ್ದರೆ ಎಂಟೇ ಜನ. ಮದುವೆ ಗೊತ್ತಾದ ಹೊಸತರಲ್ಲಿ, ಅವನ ಹೆಂಡತಿಯಾಗುವವಳು ಅವನನ್ನು ನೋಡುವ ಕುತೂಹಲ ತಡೆಯಲಾರದೆ ಆ ಲಿಫ್ಟ್ ಹತ್ತಿದಳಂತೆ. ‘ಇಳೀರಿ’ ಎಂದ. ಅವಳು ಇಳಿದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೇಲೆ ಅವನ ಮುಂದೆ ನಿಂತಳು.

‘ನಾನ್ಯಾರು ಗೊತ್ತಾಯ್ತಾ?’

‘ಗೊತ್ತು. ಒಂಬತ್ತನೆಯವರು.’

ಆದರೂ ಅವನನ್ನೇ ಕಟ್ಟಿಕೊಂಡಳು. ಇದರಲ್ಲಿ ಯಾರ ಹೆಚ್ಚುಗಾರಿಕೆ ದೊಡ್ಡದೋ ನೀವೇ ಹೇಳಿ.

ಈಗ ಅವಳು ಮನೆಯಲ್ಲೇ ಕಸೂತಿ ಯಂತ್ರ ಇಟ್ಟುಕೊಂಡಿದ್ದಾಳೆ. ಹೂವು, ಬಳ್ಳಿ, ಹಕ್ಕಿಗಳನ್ನು ಮೊದಲು ಕಂಪ್ಯೂಟರಿನಲ್ಲಿ ಬಿಡಿಸಬೇಕು, ಯಂತ್ರ ಅದರಂತೆ ಹೊಲಿಯುತ್ತದೆ. ವರ್ಷಗಟ್ಟಲೆ ಕಣ್ಣು ಕೀಲಿಸಿ ಬಿಡಿಸಿದ ಚಿತ್ರಗಳೆಲ್ಲ ಆ ಕಂಪ್ಯೂಟರ್ ಪೆಟ್ಟಿಗೆಯೊಳಗೇ ಇದ್ದವು, ಬೇರೆಲ್ಲೂ ಇರಲಿಲ್ಲ. ನಾನು ಅವರ ಮನೆಗೆ ಹೋಗಿದ್ದ ಒಂದು ಬೆಳಿಗ್ಗೆ ಪೆಟ್ಟಿಗೆ ಮುಷ್ಕರ ಹೂಡಿತು. ಆಪರೇಟಿಂಗ್ ಸಿಸ್ಟಮ್ ಅಂತಾರಲ್ಲ, ಅದನ್ನು ಹೊಸದಾಗಿ ಹಾಕಬೇಕೆಂದ ಕಂಪ್ಯೂಟರ್ ಅಂಗಡಿಯವನು ಒಂದು ಪೆನ್‌ಡ್ರೈವ್ ಕೊಟ್ಟ. ‘ಸ್ಕ್ರೀನ್ ಮೇಲೆ ಏನು ಬರುತ್ತೋ ಹಾಗೇ ಮಾಡ್ತಾ ಹೋಗಿ ಸರ್’ ಎಂದ. ನನ್ನ ತಮ್ಮನಿಗೆ ಈ ಮಾತೇ? ಮೀನಿಗೆ ಈಜು ಎಂದಂತೆ!

ಪೆಟ್ಟಿಗೆಯೊಳಗೆ ಎರಡು ಭಾಗ. ಹೊಸದನ್ನು ಹಾಕಬೇಕಾದದ್ದು ಮೊದಲನೆಯದಕ್ಕೆ. ಚಿತ್ರಗಳಿದ್ದದ್ದು ಎರಡನೆಯದರಲ್ಲಿ. ಪರದೆ ಯಾವ ಭಾಷೆ ಎಂದಿತು, ತಮ್ಮ ಆರಿಸಿದ; ಯಾವ ಭಾಗ ಎಂದಿತು, ಮೊದಲನೆಯ ಭಾಗ ಆರಿಸಿದ. ಎಲ್ಲ ಸರಾಗವಾಗಿ ನಡೆದು, ಪೆಟ್ಟಿಗೆ ತಾನಾಗಿ ಆರಿ ತಾನಾಗಿ ಹೊತ್ತಿಕೊಂಡಿತು. ಕಪ್ಪು ಪರದೆಯ ಮೇಲೆ ಬಂದ ಸಾಲನ್ನು ಅವನು ಗಟ್ಟಿಯಾಗಿ ಓದಿದ: ‘ಪೆನ್‌ಡ್ರೈವಿನಿಂದ ಶುರು ಮಾಡಲು ಯಾವುದಾದರೂ ಕೀ ಒತ್ತಿ.’ ಒತ್ತಿದ. ಮತ್ತೆ ಮೊದಲಿನಿಂದ ಯಾವ ಭಾಷೆ, ಯಾವ ಭಾಗ! ಹೀಗೇ ಗಾಣದೆತ್ತಿನ ಹಾಗೆ ಸುತ್ತು ಮೇಲೆ ಸುತ್ತು.

‘ಮತ್ತೆ ಭಾಷೆ ಕೇಳ್ತಿದೆಯಲ್ರೀ, ಅದಕ್ಕೇನು ಕಿವುಡಾ?’

‘ಕೇಳಿದಷ್ಟು ಸಲ ಹೇಳಿದ್ರೆ ನಮ್ಮ ಗಂಟೇನು ಹೋಗುತ್ತೆ?’

‘ಹೋಗೋದು ನನ್ನ ಗಂಟು! ಬೆರಳು ಜಾರಿ ಎರಡನೇ ಭಾಗದ ಮೇಲೆ ಬಿದ್ರೆ ಮುಗೀತು ಕಥೆ.’

ತಮ್ಮ ಮತ್ತೆ ಮೊದಲನೆಯದನ್ನು ಆರಿಸಿ, ಅದು ಓಡುತ್ತಿರುವಾಗ ಅಂಗಡಿಯವನಿಗೆ ಫೋನು ಮಾಡಿ ಸ್ಪೀಕರ್ ಹಾಕಿದ.

‘ಎರಡೂ ಭಾಗ ಅಳಿಸಿ ಒಂದೇ ಮಾಡ್ಬಿಡಿ ಸರ್, ತಲೆನೋವೇ ಇರಲ್ಲ.’

‘ಒಳಗಿರೋ ಚಿತ್ರಗಳು?’

‘ಹೋಗ್ತವೆ. ಮತ್ತೆ ಬಿಡಿಸ್ಕೊಳ್ಳಿ.’

ತಮ್ಮನ ಹೆಂಡತಿ ಎದ್ದು ಹೋಗಿ, ಜೋಡಿಸಿಯೇ ಇದ್ದ ದಾರದ ಉಂಡೆಗಳನ್ನು ಮತ್ತೆ ಜೋಡಿಸತೊಡಗಿದಳು. ಮಾತಿನ ಮಲ್ಲಿ ಸುಮ್ಮನಾದರೆ ಆ ಮನೆಯಲ್ಲಿ ಗಾಳಿಯೂ ಆಡುವುದಿಲ್ಲ. ತಮ್ಮ ಅವಳ ಬೆನ್ನನ್ನೇ ನೋಡಿದ.

‘ಅಳಿಸಲ್ಲ ಕಣಯ್ಯಾ.’

‘ನಾ ಹೇಳಿದ ಹಾಗೆ ಮಾಡಿ ಸರ್...’

‘ನೀನು ಹೇಳಿದ್ರೂ ಮಾಡಲ್ಲ, ಈ ಪೆಟ್ಟಿಗೆ ಹೇಳಿದ್ರೂ ಮಾಡಲ್ಲ!’

ಫೋನು ಕುಕ್ಕಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿ, ಮುನಿದ ಮಗುವಿನ ಹಾಗೆ ಕೂತ. ಪೆಟ್ಟಿಗೆ ಆರಿ ಹೊತ್ತಿತು. ಮತ್ತದೇ ಸಾಲು ಬಂತು. ಅವನ ಮೊಣಕೈ ಅಲುಗಿದ್ದು ಕಂಡೆ. ಆದರೆ ಕೈ ಹೊರಗೆ ಬರಲಿಲ್ಲ. ಸಾಲು ಕಾದು ಕಾದು ಮಾಯವಾಯಿತು. ಪರದೆಯ ಮೇಲೊಂದು ಚಕ್ರ ತಿರುಗತೊಡಗಿತು.

‘ಅಕ್ಕಾ, ಈ ಸಲ ಭಾಷೆ ಕೇಳ್ಲಿಲ್ಲ! ಒತ್ತಿದ್ರೆ ಮೊದಲಿಂದ, ಬಿಟ್ರೆ ಮುಂದಕ್ಕೆ. ಪ್ರತಿ ಸಲ ನಾನೇ ಒತ್ತಿ ಹಿಂದಕ್ಕೆ ಕಳಿಸ್ತಿದ್ದೆ!’

‘ಒತ್ತಿ ಅಂತ ಬರೆದಿದ್ರೆ ಒತ್ತಲೇಬೇಕೇನ್ರೀ?’ ಹೆಂಡತಿಗೆ ಮಾತು ಮರಳಿತು.

ಎಲ್ಲ ಮುಗಿದ ಮೇಲೆ ಅವಳೇ ಕುರ್ಚಿಯಲ್ಲಿ ಕೂತು ಎರಡನೆಯ ಭಾಗ ತೆರೆದಳು. ಹಕ್ಕಿಗಳು ಒಂದೊಂದಾಗಿ ಪರದೆಯ ಮೇಲೆ ಬಂದು ಕೂತವು. ಬಹಳ ಹೊತ್ತು ನೋಡಿ, ಕುರ್ಚಿ ಬಿಟ್ಟು ಎದ್ದಳು.

‘ಬನ್ನಿ, ಇವನ್ನೆಲ್ಲ ಇನ್ನೊಂದು ಕಡೆಗೂ ಇಳಿಸಿಡಿ.’

‘ಮಧ್ಯೆ ಅದು ಏನಾದ್ರೂ ಬೇರೆ ಹೇಳಿದ್ರೆ?’

‘ಇಳಿಸಿ ಅಂತ ನಾನು ಹೇಳ್ತಿದ್ದೀನಿ.’

‘ಹಾಗಾದ್ರೆ ಸರಿ’ ಎಂದು ತಮ್ಮ ಕೂತ.