ಗಾಲಿ ಬ್ಯಾಗು ಎಳೆಯಬಾರದು

ಹೋದ ಸೋಮವಾರ ಬೆಳಿಗ್ಗೆ ನಮ್ಮ ಓಣಿಯ ಬಾಯಲ್ಲಿ ನಿಂತು, ನಾನೇ ಬರೆದು ನಾನೇ ಮೊಳೆ ಹೊಡೆದಿದ್ದ ಬೋರ್ಡನ್ನು ನಾನೇ ಕಿತ್ತೆ. ಮೂರು ಮೊಳೆ ಸಲೀಸಾಗಿ ಬಂದವು. ನಾಲ್ಕನೆಯದು ಬರಲಿಲ್ಲ. ಇಕ್ಕಳ ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ಓಣಿ ಅಲ್ಲಿ ಸೇರಿತ್ತು. ಏನಾಯಿತು, ಯಾಕೆ ಕೀಳುತ್ತಿದ್ದೀರಿ ಅಂತ ಎಲ್ಲರದೂ ಅದೇ ಪ್ರಶ್ನೆ. ತುಕ್ಕು ಹಿಡಿದಿತ್ತು ಅಂದೆ. (ಹಿಡಿದಿರಲಿಲ್ಲ. ಹಚ್ಚಿ ಮೂರು ತಿಂಗಳೂ ಆಗಿರಲಿಲ್ಲ.)

ನಿಜವಾದ ಕಾರಣ ಅವರಿಗೆ ಹೇಳಲು ಬಾಯಿ ಬರಲಿಲ್ಲ. ನಿಮಗೆ ಹೇಳುತ್ತೇನೆ. ಎರಡು ವರ್ಷದ ನಂತರ ತವರಿಗೆ ಬಂದ ನನ್ನ ಅಕ್ಕ ಆ ಬೋರ್ಡು ಓದಿ, ಅದರಲ್ಲಿ ಬರೆದಂತೆಯೇ ನಡೆದುಕೊಂಡು, ನನ್ನ ಮುಖ ನೋಡದೆ ಸೊಲ್ಲಾಪುರಕ್ಕೆ ತಿರುಗಿ ಹೋದಳು.

ಮೊದಲು ಬೋರ್ಡಿನ ಕಥೆ.

ನಮ್ಮದು ಧಾರವಾಡದ ಹಳೇ ಭಾಗದ ಓಣಿ. ಅಜ್ಜನ ಕಾಲದಲ್ಲಿ ನೆಲಕ್ಕೆ ಹಾಸಿದ ಫರಸಿ ಕಲ್ಲು ಇನ್ನೂ ಹಾಗೇ ಇದೆ. ಆಟೋ ಒಳಗೆ ಬರುವುದಿಲ್ಲ. ಓಣಿಯ ಕೊನೆಯಲ್ಲಿ ಒಂದು ದೊಡ್ಡ ವಾಡೆ. ಯಾರೂ ಇಲ್ಲದೆ ಪಾರಿವಾಳ ಸಾಕಿಕೊಂಡು ಬಿದ್ದಿದ್ದ ಆ ವಾಡೆಯನ್ನು ಅದರ ಮಾಲಕರು ಸುಣ್ಣ ಬಣ್ಣ ಹಚ್ಚಿ ಹೋಮ್‌ಸ್ಟೇ ಮಾಡಿದರು. ನಾವೆಲ್ಲ ನಕ್ಕೆವು. ನಮ್ಮ ಓಣಿಯಲ್ಲಿ ನೋಡುವುದೇನಿದೆ?

ಇತ್ತಂತೆ. ಜನ ಬರತೊಡಗಿದರು. ಹುಬ್ಬಳ್ಳಿಯಲ್ಲಿ ವಿಮಾನ ಇಳಿದು, ಗೋಕುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆವರಿ, ಉಣಕಲ್ ಕೆರೆಯ ಮುಂದೆ ಒಂದು ಸೆಲ್ಫಿ ತೆಗೆದುಕೊಂಡು, ನಮ್ಮ ಓಣಿಯ ಬಾಯಲ್ಲಿ ಇಳಿಯುತ್ತಿದ್ದರು. ನಮ್ಮ ಮನೆಗಳ ಕಟ್ಟಿಗೆಯ ಕಂಬ, ಕಿಟಕಿ, ಕೊನೆಗೆ ಒಣಹಾಕಿದ ಹಪ್ಪಳವನ್ನೂ ಬಿಡದೆ ಫೋಟೋ ಹೊಡೆಯುತ್ತಿದ್ದರು. ಅಷ್ಟಾದರೆ ಅಡ್ಡಿ ಇರಲಿಲ್ಲ. ತೊಂದರೆ ಇದ್ದದ್ದು ಅವರ ಬ್ಯಾಗುಗಳಲ್ಲಿ. ಫರಸಿಯ ಮೇಲೆ ಗಾಲಿ ಬ್ಯಾಗು ಎಳೆದರೆ ಏನಾಗುತ್ತದೆ ಗೊತ್ತಲ್ಲ? ಗಡಗಡ ಗಡಗಡ. ಈ ತುದಿಯಿಂದ ಆ ತುದಿಯವರೆಗೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು.

ಅದೂ ಯಾವಾಗ? ಮಧ್ಯಾಹ್ನ ಎರಡಕ್ಕೆ. ಹೋಮ್‌ಸ್ಟೇಯ ಚೆಕ್-ಇನ್ ಟೈಮ್ ಅದೇ. ಧಾರವಾಡದವರನ್ನು ಏನು ಬೇಕಾದರೂ ಅನ್ನಿ, ಮಧ್ಯಾಹ್ನದ ನಿದ್ದೆಯ ತಂಟೆಗೆ ಮಾತ್ರ ಬರಬೇಡಿ. ರೊಟ್ಟಿ ಉಂಡು, ಮಜ್ಜಿಗೆ ಕುಡಿದು, ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡವನಿಗೆ ತಲೆಬಾಗಿಲಲ್ಲೇ ಗಡಗಡ ಕೇಳಿದರೆ ಸಿಟ್ಟು ಬರುವುದಿಲ್ಲವೇ? ನನಗೆ ಬಂತು. ಎಲ್ಲರಿಗಿಂತ ಜಾಸ್ತಿ ಬಂತು.

ಆಗಲೇ ಫೋನಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಎಲ್ಲೋ ಸಮುದ್ರದ ದಂಡೆಯ ಮೇಲಿನ ಹಳೆಯ ಊರು. ಕಲ್ಲು ಹಾಸಿದ ಬೀದಿಗಳು. ಅಲ್ಲಿಯ ಜನಕ್ಕೂ ಇದೇ ಸಂಕಟ. ಪ್ರವಾಸಿಗರೇ, ದಯವಿಟ್ಟು ಬ್ಯಾಗು ಎಳೆಯಬೇಡಿ, ಎತ್ತಿಕೊಂಡು ನಡೆಯಿರಿ ಅಂತ ಊರಿನವರೇ ಹೇಳಿದ್ದಾರಂತೆ. ನನಗೆ ಎಷ್ಟು ಖುಷಿಯಾಯಿತೆಂದರೆ ಕೂಡಲೇ ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಸಂಜೆಗೆ ಮೀಟಿಂಗು. ನಾನೇ ಮುಖ್ಯ ಭಾಷಣಕಾರ. ಆ ಊರಿನವರು ಮಾಡಬಹುದಾದರೆ ನಮಗೇನು ಧಾಡಿ, ನಮ್ಮದು ಏನು ಕಡಿಮೆ ಹಳೆಯ ಊರೇ ಅಂತೆಲ್ಲ ಮಾತಾಡಿದೆ. ಚಪ್ಪಾಳೆ ಬಿದ್ದವು. ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. (ಸಾಲಿಯಲ್ಲಿದ್ದಾಗ ಗೋಡೆಯ ಮೇಲೆ ಸುವಿಚಾರ ಬರೆಯುತ್ತಿದ್ದವನು ನಾನು. ದುಂಡಗಿನ ಅಕ್ಷರ. ಆ ಅಕ್ಷರ ತಿದ್ದಿಸಿದವಳು ಅಕ್ಕ.)

ನೀಲಿ ಬಣ್ಣದಲ್ಲಿ ಹೀಗೆ ಬರೆದೆ: 'ಗಾಲಿ ಬ್ಯಾಗು ಎಳೆಯಬಾರದು. ಎತ್ತಿಕೊಂಡು ನಡೆಯಬೇಕು. ಸದ್ದಿಲ್ಲದೆ ಬನ್ನಿ. ಸದ್ದಿಲ್ಲದೆ ಹೋಗಿ.' ಕೊನೆಯ ಎರಡು ವಾಕ್ಯ ಯಾರೂ ಹೇಳಿರಲಿಲ್ಲ. ನನಗೇ ಹೊಳೆದದ್ದು. ಭಾರೀ ಆಗಿದೆ ಅನ್ನಿಸಿತ್ತು.

ಓಣಿಯ ಬಾಯಲ್ಲೇ ಟೇಲರ್ ಖಾದರಸಾಬರ ಅಂಗಡಿ. ಬಂದವರಿಗೆ ಬೋರ್ಡು ತೋರಿಸುವ ಜವಾಬ್ದಾರಿ ಅವರಿಗೆ ಕೊಟ್ಟೆವು. ಅವರು ಮಶೀನು ತುಳಿಯುತ್ತಲೇ ಆ ಕೆಲಸ ಚೊಕ್ಕವಾಗಿ ಮಾಡಿದರು. ಓಣಿ ಶಾಂತವಾಯಿತು. ನಾನು ಎರಡರಿಂದ ನಾಲ್ಕರವರೆಗೆ ಗೊರಕೆ ಹೊಡೆದೆ.

ಈಗ ಅಕ್ಕನ ಕಥೆ. ಅದಕ್ಕೂ ಮೊದಲು ಅವ್ವನದೊಂದು ಪದ್ಧತಿ ಹೇಳಬೇಕು.

ನಮ್ಮ ಮನೆಗೆ ಕಾಲಿಂಗ್ ಬೆಲ್ ಇಲ್ಲ. ಮನೆಯವರು ಬಾಗಿಲು ಬಡಿಯುವುದೂ ಇಲ್ಲ. ಅವ್ವ ಬಡಿಯಗೊಡುತ್ತಿರಲಿಲ್ಲ. ಬಾಗಿಲು ಬಡಿಯುವವರು ಹೊರಗಿನವರು, ಇಲ್ಲವೇ ಕೆಟ್ಟ ಸುದ್ದಿ ತಂದವರು. ಮನೆಯ ಮಗ, ಮನೆಯ ಮಗಳು ಹೊರಗೆ ನಿಂತು ಬಡಿದರೆ ಒಳಗಿದ್ದವರಿಗೇ ಅವಮಾನ ಅನ್ನುವುದು ಅವಳ ಲೆಕ್ಕ. ಹಾಗಾಗಿ ಅವಳ ಕಿವಿ ಸದಾ ಓಣಿಯಲ್ಲೇ ಇರುತ್ತಿತ್ತು. ಅಪ್ಪನ ಸೈಕಲ್ ಚೈನಿನ ಸಪ್ಪಳ, ನಾನು ಚಪ್ಪಲಿ ಎಳೆದು ನಡೆಯುವ ಸಪ್ಪಳ ಕೇಳಿದ ಕೂಡಲೇ ಅಗಳಿ ತೆಗೆದಿರುತ್ತಿದ್ದಳು. ಅಕ್ಕ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ಅವಳ ಬರುವಿಕೆಗೊಂದು ಸಪ್ಪಳ ಬೇಕಾಯಿತಲ್ಲ, ಅದನ್ನು ಅವಳ ಗಾಲಿ ಬ್ಯಾಗು ಕೊಟ್ಟಿತು.

ಅದೊಂದು ಕೆಂಪು ಬ್ಯಾಗು. ಒಮ್ಮೆ ಹುಬ್ಬಳ್ಳಿಯಲ್ಲಿ ಇಳಿಯುವಾಗ ಅದರ ಒಂದು ಗಾಲಿ ಮುರಿಯಿತು. ಗೋಕುಲ ರಸ್ತೆಯ ಕಡೆಯ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಒಯ್ದೆ. ಫ್ಯಾಕ್ಟರಿಗಳ ಕೈಗಾಡಿ ರಿಪೇರಿ ಮಾಡುವವನು. ಬ್ಯಾಗಿನ ಗಾಲಿ ಅವನ ಹತ್ತಿರ ಎಲ್ಲಿಂದ ಬರಬೇಕು? ಕೈಗಾಡಿಯದೇ ಒಂದು ಸಣ್ಣ ಕಬ್ಬಿಣದ ಗಾಲಿ ಹುಡುಕಿ ಕೂಡಿಸಿದ. ಬ್ಯಾಗು ಹೋದರೂ ಗಾಲಿ ಹೋಗುವುದಿಲ್ಲ ಅಂತ ಗ್ಯಾರಂಟಿಯನ್ನೂ ಕೊಟ್ಟ. ಅಂದಿನಿಂದ ಆ ಬ್ಯಾಗಿನ ಸಪ್ಪಳವೇ ಬೇರೆ. ಗರಗರ ಟಕ್. ಗರಗರ ಟಕ್. ಹೊಸ ಬ್ಯಾಗು ತೊಗೋ ಅಂತ ಭಾವ ಎಷ್ಟು ಸಲ ಹೇಳಿದರೂ ಅಕ್ಕ ಕೇಳಲಿಲ್ಲ. ಯಾಕೆಂದರೆ ಆ ಟಕ್ ಓಣಿಯ ಬಾಯಲ್ಲಿ ಬಿದ್ದ ಕೂಡಲೇ ಒಳಗೆ ಅವ್ವ ಎದ್ದು ನಿಲ್ಲುತ್ತಿದ್ದಳು.

"ಗಿರಿಜಾ ಬಂದ್ಲು. ಬಾಗಲಾ ತಗೀ."

ಅಕ್ಕ ಹೊಸ್ತಿಲಿಗೆ ಬರುವುದರೊಳಗೆ ಅವ್ವ ತಂಬಿಗೆ ನೀರು ಹಿಡಿದು ನಿಂತಿರುತ್ತಿದ್ದಳು. ಇಪ್ಪತ್ತು ವರ್ಷ ಇದು ಒಮ್ಮೆಯೂ ತಪ್ಪಲಿಲ್ಲ.

ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಆಗ ನಾನೊಂದು ತಪ್ಪು ಮಾಡಿದೆ. ನಮ್ಮ ಕಡೆ ದೂರದಲ್ಲಿದ್ದವರಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ, ನಿಮಗೂ ಗೊತ್ತು. ದಾರಿಯಲ್ಲಿ ಗಾಬರಿಯಾದಾರು ಅಂತ 'ಆರಾಮಿಲ್ಲ, ಬಂದು ಹೋಗು' ಅನ್ನುತ್ತೇವೆ. ಕೇಳಿದವರು ದನಿಯಲ್ಲೇ ಅರ್ಥ ಮಾಡಿಕೊಳ್ಳಬೇಕು. ನಾನೂ ಹಾಗೇ ಅಂದೆ. ಆದರೆ ಅಕ್ಕ ಅಳಬಾರದು ಅಂತ ದನಿಯನ್ನು ಎಷ್ಟು ಹಗುರ ಮಾಡಿಕೊಂಡೆನೆಂದರೆ, ಅವಳು ಅದನ್ನು ಬರೀ ಜ್ವರ ಅಂದುಕೊಂಡಳು. ಕೂತು ಅವ್ವನಿಗೆ ಇಷ್ಟದ ಶೇಂಗಾ ಹೋಳಿಗೆ ಮಾಡಿದಳು. ಮರುದಿನದ ಗಾಡಿ ಹತ್ತಿದಳು.

ಹಿರಿಯರು ಅಷ್ಟು ಹೊತ್ತು ಕಾಯಲು ಒಪ್ಪಲಿಲ್ಲ. ನಾನೂ ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಗರಗರ ಟಕ್ ಓಣಿಯಲ್ಲಿ ಕೇಳಿದಾಗ ನಾವು ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ಕೂತಿದ್ದೆವು. ಬಾಗಿಲು ಹಾರು ಹೊಡೆದಿತ್ತು. ಅಂಗಳ ತೊಳೆದಿತ್ತು. ಅಕ್ಕ ಹೋಳಿಗೆಯ ಡಬ್ಬಿ ಹಿಡಿದುಕೊಂಡೇ ಒಳಗೆ ಬಂದು, ಅವ್ವನ ಕೋಣೆಗೆ ಹೋಗಿ, ಹೊರಗೆ ಬಂದು ನನ್ನ ಮುಂದೆ ನಿಂತಳು. ಕೂಗಾಡಲಿಲ್ಲ.

"ಖರೇ ಹೇಳಿದ್ರ ನಾ ಹಾರಿ ಬರತಿದ್ನಲ್ಲೋ ತಮ್ಮಾ."

ಕರ್ಮದ ದಿನಗಳು ಮುಗಿಯುವವರೆಗೂ ಇದ್ದು ಹೋದಳು. ಆಮೇಲೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ದೀಪಾವಳಿ ಹೋಯಿತು, ಪಂಚಮಿ ಹೋಯಿತು. ಅಣ್ಣತಮ್ಮಂದಿರ ಮನೆಗೆ ಹೆಣ್ಣುಮಕ್ಕಳು ಬರುವ ಹಬ್ಬದಲ್ಲಿ ನಮ್ಮ ಮನೆಯ ಜೋಕಾಲಿ ಅಟ್ಟದಿಂದ ಇಳಿಯಲೇ ಇಲ್ಲ. ಬೋರ್ಡು ಬರೆಯುವಾಗ ಇದೆಲ್ಲ ನನಗೆ ಒಮ್ಮೆಯಾದರೂ ನೆನಪಾಯಿತೇ? ಇಲ್ಲ. ಗಾಲಿಯ ಸಪ್ಪಳ ಕೇಳಿದಾಗ ನನಗೆ ಅಷ್ಟು ಸಿಟ್ಟು ಯಾಕೆ ಬರುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಅಷ್ಟೆಲ್ಲ ಬ್ಯಾಗುಗಳಲ್ಲಿ ಒಂದಕ್ಕೂ ಆ ಟಕ್ ಇರಲಿಲ್ಲ. ಅದಕ್ಕೇ ಇರಬೇಕು.

ಹೋದ ಭಾನುವಾರ ಪ್ಯಾಂಟು ತರಲು ಖಾದರಸಾಬರ ಅಂಗಡಿಗೆ ಹೋಗಿದ್ದೆ. ಅವರು ಪ್ಯಾಂಟು ಮಡಚುತ್ತ, ಅಕ್ಕಾರು ಆರಾಮಾಗಿ ಊರು ಮುಟ್ಟಿದರೇನು ಅಂತ ಕೇಳಿದರು. ಯಾವ ಅಕ್ಕ ಅಂದೆ. ಗಿರಿಜಕ್ಕಾರು, ಬುಧವಾರ ಬಂದಿದ್ದರಲ್ಲ ಅಂದರು. ನನ್ನ ಮುಖ ನೋಡಿ ಅವರ ಕೈ ನಿಂತಿತು.

ಬುಧವಾರ ಮಧ್ಯಾಹ್ನ ಎರಡೂವರೆ. ನನ್ನ ಹೆಂಡತಿ ತನ್ನ ತಂಗಿಯ ಮನೆಗೆ ಉಣಕಲ್ಲಿಗೆ ಹೋಗಿದ್ದಳು. ಅಕ್ಕ ಆಟೋ ಇಳಿದು ಕೆಂಪು ಬ್ಯಾಗು ಫರಸಿಗೆ ಹಚ್ಚುವಷ್ಟರಲ್ಲಿ ಖಾದರಸಾಬರು ಎದ್ದು ಬಂದಿದ್ದಾರೆ. ಬಿಸಿಲಿಗೆ ಅಡ್ಡ ಹೊದ್ದುಕೊಂಡ ಸೆರಗಿನಲ್ಲಿ ಗುರುತು ಸಿಗಲಿಲ್ಲವಂತೆ. ಬ್ಯಾಗು ಎತ್ತಿಕೊಳ್ಳಬೇಕೆಂದು ಬೋರ್ಡು ತೋರಿಸಿದ್ದಾರೆ. ಅಕ್ಕ ಬೋರ್ಡನ್ನು ಎರಡು ಸಲ ಓದಿದಳಂತೆ.

"ಅಕ್ಷರಾ ನಮ್ಮ ತಮ್ಮಂದ ಐತಲ್ರೀ ಅಂದ್ರು ನೋಡ್ರಿ, ಆವಾಗ ಗುರ್ತು ಹತ್ತಿತು ನನಗ," ಅಂದರು ಖಾದರಸಾಬರು. "ನಾ ಹೊರತೇನಿ ಕೊಡ್ರಿ ಅಂದ್ನಿ, ಕೊಡಲಿಲ್ಲ. ಕೂಸಿನ್ನ ಎತಗೊಂಡಂಗ ಎತಗೊಂಡು ಹ್ವಾದ್ರು."

ಓಣಿ ನೇರವಾಗಿದೆ. ಅಂಗಡಿಯಿಂದ ನಮ್ಮ ಬಾಗಿಲು ಕಾಣುತ್ತದೆ. ಅಕ್ಕ ಬ್ಯಾಗನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟು, ಬಾಗಿಲ ಮುಂದೆ ನಿಂತಳಂತೆ. ಒಂದು ಜಾಕೀಟಿನ ಎರಡೂ ತೋಳು ಹಚ್ಚಿ ಮುಗಿಯುವಷ್ಟು ಹೊತ್ತು ನಿಂತಿದ್ದರು ಅಂದರು ಖಾದರಸಾಬರು. ಬಡಿಯಲಿಲ್ಲ. ಕೂಗಲಿಲ್ಲ. ಆಮೇಲೆ ಬ್ಯಾಗು ಎತ್ತಿಕೊಂಡು ತಿರುಗಿ ಬಂದಳು. ಯಾಕೆ ತಿರುಗಿ ಬಂದಿರಿ ಅಂತ ಇವರು ಕೇಳಿದರೆ, ಮಲಗಿದ್ದಾನೆ, ಎಬ್ಬಿಸುವುದು ಬೇಡ ಅಂದಳಂತೆ. ಒಂದು ಡಬ್ಬಿ ತೆಗೆದು ಶೇಂಗಾ ಹೋಳಿಗೆ ಅವರ ಕೈಗೆ ಕೊಟ್ಟು, ಪರತ ಊರಿಗೆ ಒಯ್ದರೆ ಕೆಡುತ್ತವೆ, ನೀವೇ ತಿನ್ನಿರಿ ಅಂದಳಂತೆ. (ಶೇಂಗಾ ಹೋಳಿಗೆ ಹದಿನೈದು ದಿನ ಕೆಡುವುದಿಲ್ಲ. ಅದು ನನ್ನ ಅಕ್ಕನಿಗೆ ಗೊತ್ತಿಲ್ಲವೇ?)

ಆ ಹೊತ್ತಿಗೆ ನಾನು ಬಾಗಿಲಿನಿಂದ ಹತ್ತು ಹೆಜ್ಜೆ ಒಳಗೆ ಫ್ಯಾನಿನ ಕೆಳಗೆ ಮಲಗಿದ್ದೆ. ಬೋರ್ಡು ಬಂದ ಮೇಲೆ ನಿದ್ದೆ ಗಟ್ಟಿಯಾಗಿತ್ತು. ಎರಡು ವರ್ಷ ಕಾದ ಸಪ್ಪಳ ನನ್ನ ಓಣಿಗೆ ಬಂದಿತ್ತು. ಅದು ಕೇಳದಂತೆ ಮಾಡಿಕೊಂಡವನು ನಾನೇ. ಯಾರನ್ನು ಬೈಯಲಿ?

ಪ್ರವಾಸಿಗರಿಗೆ ಅಂತ ಬರೆದ ಬೋರ್ಡು ಅದು. ಆದರೆ ಗಾಲಿ ಬ್ಯಾಗು ಎಳೆದುಕೊಂಡು ಬರುವವರೆಲ್ಲ ಪ್ರವಾಸಿಗರೇ? ತವರಿಗೆ ಬಂದ ಮಗಳ ಬ್ಯಾಗಿಗೂ ಅವೇ ಗಾಲಿ. ಆ ಸಮುದ್ರದ ದಂಡೆಯ ಊರಿನಲ್ಲೂ ಯಾರೋ ಒಬ್ಬಳು ಕಿಟಕಿಯ ಹತ್ತಿರ ಕೂತು ಕಲ್ಲುಬೀದಿಗೆ ಕಿವಿ ಕೊಟ್ಟಿರಬಹುದು ಅಂತ ಈಗ ಅನ್ನಿಸುತ್ತದೆ. ಸುದ್ದಿ ಓದುವಾಗ ಅನ್ನಿಸಿರಲಿಲ್ಲ. ನಮಗೆಲ್ಲ ಸದ್ದು ಬೇಡವಾಗಿದೆ. ಪಕ್ಕದ ಮನೆಯ ಕುಕ್ಕರು ಬೇಡ, ಎದುರು ಮನೆಯ ಕೂಸು ಬೇಡ. ಬಂದವರು ಮೊದಲು ಮೆಸೇಜು ಹಾಕಬೇಕು, ನಾವು ಫ್ರೀ ಇದ್ದೇವೋ ಇಲ್ಲವೋ ಕೇಳಬೇಕು. ಹಾಗೆಲ್ಲ ಕೇಳದೆ ಬರುವವರಿದ್ದರಲ್ಲ, ಅವರು ಬರುವುದನ್ನು ಬಿಟ್ಟ ಮೇಲೆ ಮನೆ ಎಷ್ಟು ದೊಡ್ಡದಾಗಿಬಿಡುತ್ತದೆ ಅಂತ ನನ್ನನ್ನು ಕೇಳಿ.

ಭಾನುವಾರವೇ ಅಕ್ಕನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮರುದಿನ ಬೋರ್ಡು ಕಿತ್ತೆ. ಹೋಮ್‌ಸ್ಟೇಯವರಿಗೆ ಖುಷಿ, ಓಣಿಯವರಿಗೆ ಸಿಟ್ಟು. ನಿಮಗೇ ತಲೆ ಕೆಟ್ಟಿದೆ ಅಂತ ಒಬ್ಬರು ಮುಖದ ಮೇಲೇ ಹೇಳಿದರು. ಎರಡು ಗಂಟೆಗೆ ಮತ್ತೆ ಗಡಗಡ ಶುರುವಾಗಿದೆ. ಈಗ ನಾನು ಮಲಗುವುದಿಲ್ಲ. ಅಗಳಿ ತೆಗೆದಿಟ್ಟು ಕೂತಿರುತ್ತೇನೆ. ಪ್ರತಿ ಬ್ಯಾಗಿಗೂ ಎದ್ದು ಹೋಗಿ ಬಾಗಿಲು ತೆಗೆಯುತ್ತೇನೆ. ಪ್ರವಾಸಿಗರು ತಮ್ಮನ್ನು ಸ್ವಾಗತಿಸಲು ಬಂದವನು ಅಂದುಕೊಂಡು ನಮಸ್ಕಾರ ಮಾಡುತ್ತಾರೆ. ಬಂದಿರಲ್ಲ, ಛಲೋ ಆಯಿತು ಅನ್ನುತ್ತೇನೆ. ಏನು ಮಾಡುವುದು? ನಿನ್ನೆಯಿಂದ ತಂಬಿಗೆಯಲ್ಲಿ ನೀರನ್ನೂ ತುಂಬಿಡುತ್ತಿದ್ದೇನೆ.

ಖಾದರಸಾಬರು ಇನ್ನೊಂದು ಮಾತು ಹೇಳಿದ್ದರು. ನಾನು ಅಂಗಡಿಯ ಮೆಟ್ಟಿಲು ಇಳಿಯುವಾಗ ನೆನಪಿಸಿಕೊಂಡು ಹೇಳಿದ್ದು. ನಿಮ್ಮ ತಮ್ಮ ಪೇಪರಿನಲ್ಲಿ ಬರೆಯುವುದನ್ನು ಓದುತ್ತೀರೇನು ಅಂತ ಅವರು ಕೇಳಿದ್ದಕ್ಕೆ ಅಕ್ಕ ನಕ್ಕಳಂತೆ.

"ವಾರಾವಾರಾ ಮೊಬೈಲನ್ಯಾಗ ಓದತೇನ್ರಿ. ಅರ್ಧಾ ಸುಳ್ಳು ಬರೀತಾನ."

ಹಾಗಾದರೆ ಇದನ್ನೂ ಓದುತ್ತಿದ್ದಾಳೆ. ಈ ವಾರ ಒಂದೇ ಒಂದು ಸುಳ್ಳು ಇತ್ತು, ಬೋರ್ಡಿಗೆ ತುಕ್ಕು ಹಿಡಿದದ್ದು. ಅದನ್ನು ಮೊದಲೇ ಒಪ್ಪಿಕೊಂಡಿದ್ದೇನೆ. ಉಳಿದ ಓದುಗರು ಕ್ಷಮಿಸಬೇಕು, ಕೊನೆಯ ಮಾತು ನಿಮಗಲ್ಲ.

ಅಕ್ಕಾ, ಆ ಗಾಲಿ ಬದಲಿ ಮಾಡಿಸಿಲ್ಲ ಹೌದಿಲ್ಲೋ?